ನನ್ನ ಉಡಿ ತುಂಬಿದ್ದಾರೆಂಬ ವರದಿ

ನಮ್ಮ ಮನೆಯವರು ಅವತ್ತು ಕಚೇರಿಯಿಂದ ಬಂದು ಚಪ್ಪಲಿ ಬಿಡುವಾಗ ಒಂದನ್ನು ಬಾಗಿಲ ಹೊರಗೆ, ಇನ್ನೊಂದನ್ನು ಒಳಗೆ ಬಿಟ್ಟರು. ಲಗ್ನವಾದಾಗಿನಿಂದ ನೋಡಿದ್ದೇನೆ, ಅವರ ಚಪ್ಪಲಿ ಪ್ರಾರ್ಥನೆಗೆ ನಿಂತ ಸಾಲಿ ಮಕ್ಕಳ ಹಾಗೆ ಜೋಡಿಯಾಗಿ ನಿಂತಿರುತ್ತವೆ. ಏನೋ ಆಗಿದೆ ಅಂತ ಅಲ್ಲೇ ಗೊತ್ತಾಯಿತು. ಊಟಕ್ಕೆ ಕೂತು ರೊಟ್ಟಿ ಮುರಿದು ಮುರಿದು ತಾಟಿನಲ್ಲೇ ಬಿಟ್ಟರು. ಕೇಳಿದ್ದಕ್ಕೆ, "ವರ್ಷದ ಷರಾ ಬಂತು," ಅಂದರು.

ಸರಕಾರಿ ನೌಕರರ ಕೆಲಸದ ಬಗ್ಗೆ ಮೇಲಧಿಕಾರಿ ವರ್ಷಕ್ಕೊಮ್ಮೆ ತಮ್ಮ ಅಭಿಪ್ರಾಯ ಬರೆಯುತ್ತಾರೆ. ಕೆಟ್ಟದ್ದಿದ್ದರೆ ಅದನ್ನು ನೌಕರನಿಗೆ ತಿಳಿಸಬೇಕು. ಅದಕ್ಕೆ ಪ್ರತಿಕೂಲ ಷರಾ ಅನ್ನುತ್ತಾರೆ. ನಮ್ಮವರಿಗೆ ಬಂದದ್ದು ಒಂದೇ ಸಾಲು: 'ಸದರಿಯವರು ಸಾರ್ವಜನಿಕರೊಂದಿಗೆ ವ್ಯವಹರಿಸಲು ಯೋಗ್ಯರಲ್ಲ.' ಬಡ್ತಿಯ ಪಟ್ಟಿ ತಯಾರಾಗುವ ಹೊತ್ತದು. ಈ ಸಾಲು ಉಳಿದರೆ ಅವರ ಹೆಸರು ಬಿಟ್ಟುಹೋಗುತ್ತದೆ. ಅವರ ಕೈಕೆಳಗೆ ಕೆಲಸ ಕಲಿತವರು ಅವರ ಮೇಲೆ ಬಂದು ಕೂರುತ್ತಾರೆ.

ನಮ್ಮ ಮನೆ ಬೈಲಹೊಂಗಲದಲ್ಲಿ, ನನ್ನ ತವರು ಕಿತ್ತೂರು. ಕಚೇರಿ ಮಾತ್ರ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕರೊಳಗೆ ಯಾವ ಊರಿನದು, ಯಾವ ಇಲಾಖೆಯದು ಅಂತ ಬರೆಯುವುದಿಲ್ಲ. ಬರೆದರೆ ಆ ಷರಾ ಬರೆದವರಿಗೆ ನನ್ನ ಮೇಲೊಂದು ಅರ್ಜಿ ಹಾಕಲು ನೆವ ಸಿಗುತ್ತದೆ. ಅಂಥ ಉಪಕಾರ ನಾನು ಮಾಡುವವಳಲ್ಲ.

ನಮ್ಮವರು ಇಷ್ಟು ವರ್ಷ ಮಾಡಿದ್ದೇ ಸಾರ್ವಜನಿಕರ ಕೆಲಸ. ಅರ್ಜಿ ತಗೊಳ್ಳುವ ಟೇಬಲ್ ಅವರದು. ಕನ್ನಡಕ ಮರೆತು ಬಂದ ಮುದುಕರೊಬ್ಬರು ನಮ್ಮವರ ಮೂಗಿನ ಮೇಲಿಂದಲೇ ಕನ್ನಡಕ ತೆಗೆದು ಹಾಕಿಕೊಂಡು ಸಹಿ ಮಾಡಿ ಹೋದದ್ದನ್ನು ಅವರು ನಗುತ್ತ ಹೇಳುತ್ತಿದ್ದರು. ಹೊಸ ಸಾಹೇಬರು ಬಂದವರೇ ಆ ಟೇಬಲ್ ತಪ್ಪಿಸಿ ಇವರನ್ನು ಹಿಂದಿನ ದಾಖಲೆ ಕೋಣೆಗೆ ಕಳಿಸಿದರು. ಕಾರಣ ಬಾಯಿಮಾತಿನದು: "ಹಳ್ಳ್ಯಾಗಿಂದ ಹಿರೇರು ಬರತಾರ. ನಿಮ್ಮ ಕೈಯಾಗಿಂದ ಕಾಗದ ತಗೊಳ್ಳಾಕ ಒಬ್ಬೊಬ್ರು ಹಿಂದಮುಂದ ನೋಡ್ತಾರ. ಸುಮ್ನ ಯಾಕ, ನಿಮಗೂ ಮುಜುಗರ, ಅವರಿಗೂ ಮುಜುಗರ."

ನಮ್ಮದು ಬೌದ್ಧ ಮನೆತನ. ಮಾವನವರು ಇದ್ದಾಗಲೇ ದೀಕ್ಷೆ ತಗೊಂಡದ್ದು. ಅದಕ್ಕೂ ಮುಂಚೆ ನಾವು ಯಾರು ಅನ್ನುವುದನ್ನು ಈ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೊದಲು ಟೇಬಲ್ ಕಸಿದುಕೊಂಡರು, ಆಮೇಲೆ ಅವರಿಗೆ ಟೇಬಲ್ ಕೆಲಸ ಬರುವುದಿಲ್ಲ ಅಂತ ಬರೆದರು.

ಮನೆಯಲ್ಲಿ, ಓಣಿಯಲ್ಲಿ ಎಲ್ಲರೂ ನನ್ನನ್ನು ಭಾಳ ಸಾಧು ಅನ್ನುತ್ತಾರೆ. ಕಾನ್ವೆಂಟಿನಲ್ಲಿ ಕಲಿತವಳು, ದನಿ ಏರಿಸಿ ಗೊತ್ತಿಲ್ಲ. ಆದರೆ ಆ ಸಾಲು ಓದಿದಾಗ ನನಗಾದದ್ದು ದುಃಖವಲ್ಲ. ಈ ಮನುಷ್ಯ ತಾನು ಬರೆದದ್ದನ್ನು ತಾನೇ ನಾಲ್ಕು ಜನರ ಎದುರು ಓದಬೇಕು, ಅವನ ನಾಲಗೆ ತೊಡರಬೇಕು, ನಾನು ಕೂತು ನೋಡಬೇಕು ಅನ್ನಿಸಿತು. ಅಡಿಗೆ ಮನೆಗೆ ಹೋಗಿ ಹಾಲು ಕಾಯಲಿಟ್ಟೆ. ಉಕ್ಕುವ ತನಕ ಇದನ್ನೇ ಅಂದುಕೊಳ್ಳುತ್ತ ನಿಂತಿದ್ದೆ.

ಸಂಪಗಾಂವದಲ್ಲಿ ನಿವೃತ್ತ ಶಿರಸ್ತೇದಾರರೊಬ್ಬರಿದ್ದಾರೆ. ಪೌರೋಹಿತ್ಯದ ಮನೆತನ, ಅಣ್ಣ ಪೂಜೆ ಹಿಡಿದರು, ಇವರು ಫೈಲು ಹಿಡಿದರು. ನಮ್ಮವರಿಗೆ ಕೆಲಸ ಕಲಿಸಿದವರು. ಕಾಕಾ ಅನ್ನುತ್ತೇವೆ. ನಮ್ಮವರ ಪರವಾಗಿ ನಾನು ಬರೆದ ಅರ್ಜಿಯನ್ನು ಎರಡು ಸಲ ಓದಿ, ನಶ್ಯದ ಡಬ್ಬಿಯನ್ನು ಅದರ ಮೇಲಿಟ್ಟು ಹೇಳಿದರು.

"ಮಗಳ, ಭಾಷಾ ಛಲೋ ಅದ. ಆದ್ರ ಇದನ್ನ ಎರಡು ಅರ್ಜಿ ಮಾಡು. ಷರಾದ ಮ್ಯಾಲೆ ಒಂದು, ಭೇದಭಾವ ಮಾಡ್ಲಿಕ್ಹತ್ತಾರ ಅನ್ನೂದರ ಮ್ಯಾಲೆ ಒಂದು. ಕೂಡಿಸಿ ಕೊಟ್ರ ಒಂದನ್ನ ಮುಚ್ಚಿದಾಗ ಇನ್ನೊಂದನ್ನೂ ಅದರ ಕೂಡ ಮುಚ್ಚಿಬಿಡ್ತಾರ."

ಎರಡು ಮಾಡಿದೆ. ಜಿಲ್ಲಾ ಕಚೇರಿಯವರು ಎರಡನ್ನೂ ಒಂದೇ ದಾರದಲ್ಲಿ ಕಟ್ಟಿ, 'ವರದಿಗಾಗಿ' ಅಂತ ಬರೆದು ಯಾರ ಮೇಲೆ ದೂರು ಇತ್ತೋ ಅದೇ ಸಾಹೇಬರಿಗೆ ಕಳಿಸಿದರು. ಸಾಹೇಬರು ವರದಿ ಕೊಟ್ಟರು. ಮಳೆಗಾಲ ಮುಗಿಯುವ ಹೊತ್ತಿಗೆ ಆದೇಶ ಬಂತು: 'ವರದಿಯನ್ನು ಪರಿಶೀಲಿಸಲಾಗಿ ದೂರು ನಿರಾಧಾರವೆಂದು ಕಂಡುಬಂದಿರುವುದರಿಂದ ಮುಕ್ತಾಯಗೊಳಿಸಿದೆ.' ಷರಾ ಹಾಗೇ ಉಳಿಯಿತು.

"ಬಿಡು ಇನ್ನ," ಅಂದರು ನಮ್ಮವರು. "ದಾಖಲೆ ಕೋಣ್ಯಾಗ ಆರಾಮ ಅದೇನಿ. ಯಾರ ಕಿರಿಕಿರೀನೂ ಇಲ್ಲ."

ಆರಾಮದ ಕೋಣೆಯ ಫ್ಯಾನನ್ನು ರಿಪೇರಿಗೆ ಅಂತ ಬಿಚ್ಚಿಕೊಂಡು ಹೋದವರು ತಿರುಗಿ ತಂದಿರಲಿಲ್ಲ. ಅವರ ಅಂಗಿಯ ಬೆನ್ನಿನಲ್ಲಿ ಬೆವರು ಒಣಗಿ ಉಪ್ಪಿನ ಗೆರೆ ಬೀಳುತ್ತಿತ್ತು. ಅದನ್ನು ತೊಳೆಯುವವಳು ನಾನು. ಠಾಣೆಗೆ ಹೋಗಿ ಕೇಸು ಮಾಡಿ ಅಂದವರೂ ಇದ್ದರು. ಟೇಬಲ್ ತಪ್ಪಿಸುವಾಗ ಸಾಹೇಬರು ಆ ಮುಜುಗರದ ಮಾತು ಆಡಿದಾಗ ಕೋಣೆಯಲ್ಲಿ ಇದ್ದವರು ಅವರು ಮತ್ತು ನಮ್ಮವರು ಇಬ್ಬರೇ. ಸಾಕ್ಷಿ ಹೇಳುವವರು ಇರಲಿಲ್ಲ. ಉಳಿದದ್ದು ಬೆಳಗಾವಿಯ ಮೇಲಿನ ಕಚೇರಿಗೆ ಮೇಲ್ಮನವಿ.

ಮೇಲ್ಮನವಿಗೆ ಆದೇಶದ ದೃಢೀಕೃತ ನಕಲು ಬೇಕು. ಕಾಕಾ, "ಆದೇಶ ಒಂದs ಅಲ್ಲ, ಆ ವರದೀದೂ ನಕಲು ಕೇಳು," ಅಂದರು. ಅರ್ಜಿ ಹಾಕಿ, ಎರಡು ಸಲ ನೆನಪೋಲೆ ಕಳಿಸಿದ ಮೇಲೆ ಬಂತು. ಬೇಳೆ ಆರಿಸುತ್ತ ಕೂತಿದ್ದೆ. ಮೊದಲ ಪುಟ ಎಲ್ಲ ಕಚೇರಿಯ ಭಾಷೆ: ಸೌಹಾರ್ದಯುತ ವಾತಾವರಣ, ಸಮಾನ ಹಂಚಿಕೆ. ಎರಡನೆಯ ಪುಟದಲ್ಲಿ ಈ ಸಾಲು: 'ಕಚೇರಿಯ ಖಂಡೆಪೂಜೆಯಂದು ಸದರಿಯವರ ಧರ್ಮಪತ್ನಿಯವರಿಗೂ ಎಲ್ಲರಂತೆ ಉಡಿ ತುಂಬಿ ಗೌರವಿಸಲಾಗಿದ್ದು, ತಾರತಮ್ಯದ ಪ್ರಶ್ನೆಯೇ ಉದ್ಭವಿಸುವುದಿಲ್ಲ.'

ಸದರಿಯವರ ಧರ್ಮಪತ್ನಿ ಅಂದರೆ ನಾನು.

ದಸರೆಯಲ್ಲಿ ಆ ಕಚೇರಿಯಲ್ಲಿ ಟೈಪ್ ಮಷಿನ್ನು, ಕಂಪ್ಯೂಟರು, ಜೀಪು ಎಲ್ಲಕ್ಕೂ ಪೂಜೆ ಮಾಡಿ, ನೌಕರರ ಹೆಂಡಂದಿರನ್ನು ಕರೆದು ಸಾಹೇಬರ ಮನೆಯವರ, ಅಂದರೆ ಅವರ ಹೆಂಡತಿಯ, ಕೈಯಿಂದ ಉಡಿ ತುಂಬಿಸುವ ಪದ್ಧತಿ. ಷರಾ ಬರುವುದಕ್ಕೆ ಮುಂಚಿನ ದಸರೆಗೆ ನನ್ನನ್ನೂ ಕರೆದಿದ್ದರು. ನಾವು ಮನೆಯಲ್ಲಿ ಪೂಜೆ ಮಾಡುವವರಲ್ಲ, ಆದರೆ ಕರೆದವರ ಮನಸ್ಸು ಮುರಿಯಬಾರದು ಅಂತ ಹೋದೆ. ಗೋಡೆಗುಂಟ ಸಾಲಾಗಿ ಕೂತಿದ್ದೆವು. ನನ್ನ ಎಡಕ್ಕೆ ಜೀಪಿನ ಡ್ರೈವರನ ಹೆಂಡತಿ, ನವಿಲುಗರಿ ಬಣ್ಣದ ಇಳಕಲ್ ಸೀರೆ. ಬಲಕ್ಕೆ ಟೈಪಿಸ್ಟನ ಹೆಂಡತಿ, ತೊಡೆಯ ಮೇಲೆ ಕೂಸು. ಸಾಹೇಬರ ಮನೆಯವರು ಡ್ರೈವರನ ಹೆಂಡತಿಯ ಉಡಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಖಣ ಎಲ್ಲ ಹಾಕಿದರು. ನಾನು ಸೆರಗು ಒಡ್ಡಿದೆ. ಅವರು ನೆಟ್ಟಗೆ ನಿಂತು, ಸೊಂಟಕ್ಕೆ ಸಿಕ್ಕಿಸಿದ ಸೆರಗು ಸರಿ ಮಾಡಿಕೊಂಡು, ನೆಲ ಒದ್ದೆಯಿದ್ದಲ್ಲಿ ದಾಟುವ ಹಾಗೆ ಒಂದು ಹೆಜ್ಜೆ ದೊಡ್ಡದಾಗಿಟ್ಟು, ಟೈಪಿಸ್ಟನ ಹೆಂಡತಿಯ ಮುಂದೆ ಬಗ್ಗಿದರು. ಒಡ್ಡಿದ ಸೆರಗನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಪಕ್ಕದ ಕೂಸಿಗೆ ಗಾಳಿ ಹಾಕಿದೆ.

ಮನೆಗೆ ಬಂದು ಇದನ್ನು ಯಾರಿಗೂ ಹೇಳಿರಲಿಲ್ಲ. ಈಗ ಆ ಸಾಹೇಬರು ಹೆಂಗಸರ ಉಡಿಯ ವಿಷಯ ಯಾವ ಕಚೇರಿಯಲ್ಲಿ ಯಾರು ಕೇಳುತ್ತಾರೆ ಅನ್ನುವ ಧೈರ್ಯದಲ್ಲಿ ನನ್ನನ್ನು ತಮ್ಮ ಸಾಕ್ಷಿ ಮಾಡಿಕೊಂಡಿದ್ದರು. ಅಲ್ಲಿಯ ತನಕ ಈ ಪ್ರಕರಣದಲ್ಲಿ ನಾನು ಬಾಯಿ ತೆಗೆಯುವ ಹಾಗಿರಲಿಲ್ಲ. ನೌಕರನ ಹೆಂಡತಿಯ ಮಾತು ಯಾರೂ ದಾಖಲೆಗೆ ತಗೊಳ್ಳುವುದಿಲ್ಲ. ಬಾಗಿಲು ಅವರೇ ತೆಗೆದಿಟ್ಟರು. ಬೇಳೆ ಆರಿಸುವುದನ್ನು ಬಿಟ್ಟು ನಾನು ಎಷ್ಟೋ ಹೊತ್ತು ಒಬ್ಬಳೇ ನಗುತ್ತಿದ್ದೆ.

ಅವತ್ತು ರಾತ್ರಿ ಮನೆಯಲ್ಲಿ ನಡೆದದ್ದನ್ನೆಲ್ಲ ಹೇಳಿ, ಮೇಲ್ಮನವಿಯಲ್ಲಿ ಇದನ್ನೇ ಬರೆಯುತ್ತೇನೆ ಅಂದೆ. ಅತ್ತೆಯವರಿಗೆ ಇದು ಸರಿಬರಲಿಲ್ಲ. ತೊರಗಲ್ಲದವರು, ಮಾತು ನೆಟ್ಟಗೆ.

"ಅಲ್ಲವಾ, ಉಡಿ-ಗಿಡಿ ಎಲ್ಲಾ ಬಿಟ್ಟ ಮಂದಿ ನಾವು. ಈಗ ಉಡಿ ತುಂಬಲಿಲ್ಲ ಅಂತ ಬೆಳಗಾವಿ ತನಕ ಅಳಕೋತ ಹೊಂಟಿ?"

"ನನಗ ಉಡಿ ಬ್ಯಾಡ್ರಿ ಅತ್ತಿ. ಆ ಹೆಜ್ಜಿ ಯಾಕ ಅಷ್ಟ ದೊಡ್ಡದಾತು ಅನ್ನೂದು ಬೇಕ್ರಿ."

ಅವರು ಬುದ್ಧನ ಫೋಟೊ ಒರೆಸುತ್ತಿದ್ದರು. "ದ್ವೇಷ ಇಟಗೊಳ್ಳಬಾರದು," ಅಂದರು. ಕಾನ್ವೆಂಟಿನಲ್ಲೂ ಕ್ಷಮಿಸಬೇಕು ಅಂತಲೇ ಹೇಳಿಕೊಟ್ಟಿದ್ದರು. ಎರಡೂ ಕಡೆ ಕೇಳಿಸಿಕೊಂಡೇ ಬೆಳೆದವಳು ನಾನು. ಅವತ್ತು ಎರಡೂ ಕಡೆಗೆ ತಲೆ ಅಲ್ಲಾಡಿಸಿ, ಮೇಲ್ಮನವಿ ಬರೆಯಲು ಕೂತೆ.

ಮೊದಲ ಸಲ ಅದು ಹಿಂದಕ್ಕೆ ಬಂತು: 'ಸೂಕ್ತ ಮಾರ್ಗದ ಮೂಲಕ ಸಲ್ಲಿಸಿರುವುದಿಲ್ಲ.' ಸೂಕ್ತ ಮಾರ್ಗ ಅಂದರೆ ಸಾಹೇಬರ ಮೇಲಿನ ಮೇಲ್ಮನವಿ ಸಾಹೇಬರ ಟೇಬಲ್ಲಿನ ಮೇಲಿಂದಲೇ ಹೋಗಬೇಕು. ಅಲ್ಲಿ ಕೊಟ್ಟರೆ ಅದು ಅಲ್ಲೇ ಕೂತುಬಿಡುತ್ತದೆ, ಅವಧಿ ಮೀರಿಹೋಗುತ್ತದೆ. ಕಾಕಾ ದಾರಿ ಹೇಳಿದರು. ಕಚೇರಿಗೆ ಬಂದ ಕಾಗದ ತಗೊಳ್ಳುವ ಆವಕ ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡು, ಅದೇ ದಿನ ಮುಂಗಡ ಪ್ರತಿಯನ್ನು ಬೆಳಗಾವಿಗೆ ರಜಿಸ್ಟರ್ ಮಾಡಿದೆವು. ವರದಿಯಲ್ಲಿ ಧರ್ಮಪತ್ನಿಯ ಪ್ರಸ್ತಾಪ ಇರುವುದರಿಂದ ಆಕೆಯ ಹೇಳಿಕೆಯನ್ನೂ ಕೇಳಬೇಕು, ಖುದ್ದು ವಿಚಾರಣೆ ಕೊಡಬೇಕು ಅಂತ ಕೊನೆಗೆ ಎರಡು ಸಾಲು ಸೇರಿಸಿದೆ.

ಇನ್ನೊಬ್ಬ ಸಾಕ್ಷಿ ಸಿಕ್ಕರೆ ಗಟ್ಟಿಯಾಗುತ್ತದೆ ಅಂತ ಡ್ರೈವರನ ಮನೆಗೆ ಹೋದೆ. ಅವನ ಹೆಂಡತಿ ಸೆಗಣಿ ಬಳಿದ ಅಂಗಳದಲ್ಲಿ ಶ್ಯಾವಿಗೆ ಒಣಹಾಕಿದ್ದಳು.

"ನೋಡಿದ್ನೆಲ್ರಿ ಅಕ್ಕಾರ," ಅಂದಳು. "ಆದ್ರ ನಮ್ಮವ್ರು ಬೆಳಗಾತು ಅಂದ್ರ ಅವರ ಜೀಪಿನ ಬಾಗಲಾ ತಗ್ಯಾಂವ್ರು. ನಾ ಹೆಂಗ ಹೇಳ್ಲಿ? ನನ್ನ ಬೈರಿ ಬೇಕಾದ್ರ, ಆದ್ರ ಹೆಸರು ಬರೀಬ್ಯಾಡ್ರಿ."

ಬೈಯಲಿಲ್ಲ. ಶ್ಯಾವಿಗೆ ಕಟ್ಟಿಕೊಟ್ಟಳು, ತಗೊಂಡು ಬಂದೆ.

ವಿಚಾರಣೆಯ ನೋಟಿಸು ಬಂದ ವಾರದಲ್ಲೇ, ಒಂದು ಮಧ್ಯಾಹ್ನ ಸಾಹೇಬರ ಮನೆಯವರು ನಮ್ಮ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಬಟ್ಟೆ ಮುಚ್ಚಿದ ಸ್ಟೀಲಿನ ಪರಾತ. ನಮ್ಮವರು ಕಚೇರಿಯಲ್ಲಿದ್ದರು. ಅತ್ತೆಯವರೂ ನಾನೂ ಇಬ್ಬರೇ.

"ಬರ್ರಿ ಬರ್ರಿ ಬಾಯಾರ, ಕುಂದರ್ರಿ," ಅಂದೆ. ಸೋಫಾದ ಅಂಚಿನಲ್ಲಿ ಕೂತರು, ಬಸ್ಸಿನಲ್ಲಿ ಮೂರನೆಯವರಾಗಿ ಕೂತ ಹಾಗೆ. ಬಟ್ಟೆ ಸರಿಸಿದರು. ಅಕ್ಕಿ, ತೆಂಗಿನಕಾಯಿ, ಅರಿಷಿಣ ಬೇರು, ಗುಳೇದಗುಡ್ಡದ ಖಣ. ಒಳ್ಳೆಯ ಖಣ, ಮುತುವರ್ಜಿಯಿಂದ ಆರಿಸಿ ತಂದದ್ದು.

"ಅವತ್ತ ಗದ್ದಲದಾಗ ನಿಮ್ಮದೊಂದು ತಪ್ಪಿ ಹೋತು ನೋಡ್ರಿ. ಮನಸಿಗೆ ಹತ್ತಿತ್ತು ನನಗ."

"ಇದು ಅವತ್ತಿನ ಉಡಿಯೋ, ಇವತ್ತಿಂದೋ ಬಾಯಾರ?"

ಅವರು ನೆಲ ನೋಡಿದರು. "ಅವತ್ತಿಂದs ಅಂತ ತಿಳೀರಿ. ಸಾಹೇಬ್ರು ಹೇಳಿ ಕಳಿಸ್ಯಾರ, ಷರಾ ಅವರs ತಗದು ಹಾಕಸ್ತಾರಂತ. ನೀವು ಆ ಭೇದಭಾವದ್ದು ಒಂದು ಹಿಂದ ತಗೋಬೇಕಂತ. ಬಡ್ತಿಗೂ ಅಡ್ಡಿ ಇಲ್ಲ, ಮನಸಿಗೂ ಸಮಾಧಾನ."

ಅತ್ತೆಯವರು ನನ್ನ ಮೊಣಕೈ ಒತ್ತಿದರು. ಅದರ ಅರ್ಥ ನನಗೆ ಗೊತ್ತಿತ್ತು: ತಗೋ, ಮುಗೀಲಿ. ನಿಜ ಹೇಳುತ್ತೇನೆ, ನನ್ನ ಮನಸ್ಸೂ ಅತ್ತ ವಾಲಿತು. ನಮಗೆ ಬೇಕಾದದ್ದು ಬಡ್ತಿ. ಅದು ನಡೆದು ಮನೆಗೆ ಬಂದಿತ್ತು. ಬೆಳಗಾವಿಯಲ್ಲಿ ಏನಾಗುತ್ತದೋ ಯಾರಿಗೆ ಗೊತ್ತು, ಸಾಕ್ಷಿಗೆ ನಾನೊಬ್ಬಳೇ. "ಚಾ ಮಾಡತೇನಿ, ತಡೀರಿ," ಅಂದು ಒಳಗೆ ಹೋದೆ. ಸೆರಗು ಒಡ್ಡಿ ಮುಗಿಸಿಬಿಡೋಣ ಅಂತ ಚಾ ಸೋಸುವಾಗ ಹೆಚ್ಚುಕಡಿಮೆ ನಿಶ್ಚಯವೇ ಮಾಡಿದ್ದೆ. ತವರಿನಿಂದ ಬಂದ ಹೂವಿನ ಚಿತ್ರದ ಕಪ್ಪು-ಬಸಿ ತೆಗೆದೆ, ಯಾಲಕ್ಕಿ ಹಾಕಿದೆ.

ಕಪ್ಪನ್ನು ಅವರ ಮುಂದೆ ಇಟ್ಟೆ.

"ಅಯ್ಯ, ಈಗಷ್ಟ ಕುಡದು ಬಂದೇನ್ರಿ."

"ಒಂದ ಗುಟಕ."

"ಪಿತ್ತ ಆಗತೈತ್ರಿ ನನಗ."

"ಹಂಗಾದ್ರ ನೀರು ಕೊಡ್ಲೇನ್ರಿ?"

"ಬ್ಯಾಡ್ರಿ, ನೀರಡಿಕಿ ಇಲ್ಲ." ಬೈಲಹೊಂಗಲದ ಆ ಬಿಸಿಲಿನಲ್ಲಿ ನಡೆದು ಬಂದವರು, ತುಟಿಯ ಮೇಲೆ ಬೆವರು ಹನಿ ನಿಂತಿತ್ತು. ಚಾದ ಮೇಲೆ ಕೆನೆ ಕಟ್ಟುತ್ತ ಬಂತು. ಮೊದಲು ನಡುವೆ ಒಂದು ಚುಕ್ಕೆ, ಆಮೇಲೆ ಅಂಚಿನ ತನಕ. ನಾನು ಅದನ್ನೇ ನೋಡುತ್ತ ಕೂತೆ. ಅವರೂ ನೋಡಿದರು. ನನ್ನ ಉಡಿ ತುಂಬಲು ಬಂದವರಿಗೆ ನನ್ನ ಕಪ್ಪು ಮುಟ್ಟಲು ಆಗಲಿಲ್ಲ.

ನನ್ನ ನಿಶ್ಚಯ ಅಲ್ಲಿಗೆ ತಿರುಗಿತು. ಪರಾತದ ಮೇಲೆ ಬಟ್ಟೆ ಮೊದಲಿನ ಹಾಗೇ ಮುಚ್ಚಿ, ಎರಡೂ ಕೈಯಿಂದ ಅವರಿಗೆ ತಿರುಗಿ ಕೊಟ್ಟೆ.

"ಕಚೇರ್ಯಾಗ ಎಲ್ಲಾರ ಮುಂದ ಬಿಟ್ಟದ್ದನ್ನ ಮನ್ಯಾಗ ಬಾಗಲಾ ಹಾಕ್ಕೊಂಡು ತಗೊಳ್ಳೂದು ಹೆಂಗ್ರಿ ಬಾಯಾರ? ಬೆಳಗಾವ್ಯಾಗ ಭೆಟ್ಟಿ ಆಗೂಣು."

ಅವರು ಹೋದ ಮೇಲೆ ಅತ್ತೆಯವರು ಆ ಚಾ ಎತ್ತಿಕೊಂಡು ಹೋಗಿ ಮೋರಿಗೆ ಚೆಲ್ಲಿದರು. ಕಪ್ಪು ತೊಳೆಯುತ್ತ, ನನ್ನ ಕಡೆ ತಿರುಗದೆ, "ಬರಿ. ಇದನ್ನೂ ಬರಿ," ಅಂದರು.

ಬರೆದೆ. ಕಾನ್ವೆಂಟಿನ ಸಿಸ್ಟರ್ ಒಬ್ಬರು ನಿಬಂಧ ತಿದ್ದುವಾಗ ಅನ್ನಿಸಿದ್ದನ್ನೆಲ್ಲ ಹೊಡೆದುಹಾಕಿ, ಕಂಡದ್ದನ್ನು ಮಾತ್ರ ಉಳಿಸುತ್ತಿದ್ದರು. ಹಾಗೆ ಬರೆದೆ. ಅವಮಾನ ಅನ್ನುವ ಶಬ್ದ ಒಮ್ಮೆಯೂ ಹಾಕಲಿಲ್ಲ. ಎಡಕ್ಕೆ ಯಾರು, ಬಲಕ್ಕೆ ಯಾರು ಅಂತ ಹೆಸರಿಲ್ಲದೆ, ಹೆಜ್ಜೆ ಹೇಗಿತ್ತು, ಪರಾತದಲ್ಲಿ ಏನಿತ್ತು, ಅವರು ಏನಂದರು, ಚಾ ಏನಾಯಿತು. ನೋಟರಿಯವರು ಮುದ್ರೆ ಒತ್ತುವ ಮುಂಚೆ ಓದಿ, "ಚಾದ್ದು ಬೇಕೇನ್ರಿ ಇದ್ರಾಗ?" ಅಂದರು. "ಬೇಕ್ರಿ," ಅಂದೆ.

ವಿಚಾರಣೆಯ ದಿನ ಬೆಳಗಾವಿಯ ಆ ಕೋಣೆಯಲ್ಲಿ ಉದ್ದನೆಯ ಟೇಬಲ್. ಮೇಲ್ಮನವಿ ಅಧಿಕಾರಿ ತಲೆಗೆ ಮೆಹಂದಿ ಹಚ್ಚಿದವರು, ಆಗಾಗ ಲವಂಗ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಒಂದು ಬದಿಗೆ ಸಾಹೇಬರು, ಅವರ ಗುಮಾಸ್ತ. ಇನ್ನೊಂದು ಬದಿಗೆ ನಮ್ಮವರು, ಸಹಾಯಕ್ಕೆ ಅಂತ ಅನುಮತಿ ತಗೊಂಡ ಕಾಕಾ, ಮತ್ತು ನಾನು.

ಅಧಿಕಾರಿ ವರದಿಯ ಎರಡನೆಯ ಪುಟ ತಿರುಗಿಸಿ ಸಾಹೇಬರ ಕಡೆ ಸರಿಸಿದರು. "ಇದು ನಿಮ್ಮ ವರದಿ. ಈ ಸಾಲು ಜ್ವಾರಾಗಿ ಓದ್ರಿ."

ಸಾಹೇಬರು ಓದಿದರು. 'ಧರ್ಮಪತ್ನಿಯವರಿಗೂ' ಅನ್ನುವಲ್ಲಿ ನಾಲಗೆ ತೊಡರಿತು. ನೀರು ಕುಡಿದು ಮತ್ತೆ ಮೊದಲಿಂದ ಓದಬೇಕಾಯಿತು. ಅಷ್ಟು ತಿಂಗಳಿನಿಂದ ನಾನು ಕಾದದ್ದು ಅದಕ್ಕೇ. ಅವರ ಕಾಲರಿನ ಒಳಗೆ ಹೊಲಿಗೆ ಬಿಟ್ಟಿತ್ತು, ಅದನ್ನೂ ನೋಡಿದೆ.

"ತುಂಬಿದ್ರೇನು ಉಡಿ?"

"ಸರ್, ಅವರು ಬೌದ್ಧರು. ಅವರ ಭಾವನೆಗೆ ಧಕ್ಕೆ ಆಗಬಾರದು ಅಂತ ನಮ್ಮ ಮನಿಯವರು..."

"ಅಂದ್ರ ತುಂಬಿಲ್ಲ."

"ಇಲ್ಲ ಸರ್."

"ಮತ್ತ ತುಂಬೇವಿ ಅಂತ ಯಾಕ ಬರದ್ರಿ?"

"ಸಾಮಾನ್ಯವಾಗಿ ಎಲ್ಲಾರಿಗೂ ತುಂಬತಾರ, ಹಿಂಗಾಗಿ..."

ಕಾಕಾ ಕೈ ಎತ್ತಿದರು. "ಒಂದು ವಿನಂತಿ ಸರ್. ಮೊನ್ನೆ ಸಾಹೇಬ್ರ ಮನಿಯವರು ಉಡಿ ಸಾಮಾನು ತಗೊಂಡು ಇವರ ಮನಿಗೇ ಹೋಗಿದ್ರು. ಆವಾಗ ಇವರು ಬೌದ್ಧರಿದ್ದಿಲ್ಲೇನು, ಅದನ್ನಷ್ಟು ಕೇಳಬೇಕು." ಗುಮಾಸ್ತನೇ ಮೊದಲು ನಕ್ಕ, ಆಮೇಲೆ ಕೆಮ್ಮಿದ.

ಅಧಿಕಾರಿ ನನ್ನ ಹೇಳಿಕೆಯನ್ನು ನನ್ನಿಂದಲೇ ಓದಿಸಿದರು. ನಾನು ಸಾಲಿಯಲ್ಲಿ ಪಾಠ ಓದುವ ಹಾಗೆ, ದನಿ ಏರಿಸದೆ, ಅಲ್ಪವಿರಾಮಕ್ಕೆ ನಿಂತು ಓದಿದೆ. ಚಾದ ಸಾಲಿಗೆ ಬಂದಾಗ ಅವರ ಪೆನ್ನು ನಿಂತಿತು. "ನೀರೂ ಕುಡೀಲಿಲ್ಲೇನು?" ಅಂದರು. "ಇಲ್ರಿ ಸರ್," ಅಂದೆ. ಅವರು ಪೆನ್ನು ಕೆಳಗಿಟ್ಟು ಸಾಹೇಬರನ್ನು ನೋಡಿದರು. ಸಾಹೇಬರು ಆ ನೋಟವನ್ನು ತಪ್ಪಿಸಿ ನನ್ನ ಕಡೆ ತಿರುಗಿದರು. ಅಲ್ಲಿಯೂ ಅವರಿಗೆ ಕರುಣೆ ಸಿಗಲಿಲ್ಲ.

ಆದೇಶ ಯುಗಾದಿಗೆ ಮುಂಚೆ ಬಂತು. ಷರಾ ರದ್ದು. ಬಡ್ತಿ ಪಟ್ಟಿಯಲ್ಲಿ ಹೆಸರು ಸೇರಿಸಬೇಕು. ಭೇದಭಾವದ ದೂರು ಸಾಬೀತು; ಅರ್ಜಿ ಟೇಬಲ್ ತಕ್ಷಣ ತಿರುಗಿ ಕೊಡಬೇಕು. ಸುಳ್ಳು ವರದಿ ಕೊಟ್ಟದ್ದಕ್ಕೆ ಸಾಹೇಬರ ಮೇಲೆ ಶಿಸ್ತು ಕ್ರಮ ಯಾಕೆ ಬೇಡ ಅಂತ ಕಾರಣ ಕೇಳಿ ನೋಟಿಸು. ನಮ್ಮವರು ಆದೇಶವನ್ನು ಎರಡು ಸಲ ಓದಿ, ಮಡಚಿ, ಅವತ್ತು ಒಂದು ರೊಟ್ಟಿ ಹೆಚ್ಚಿಗೆ ತಿಂದರು. ನನಗೆ ಅದು ಸಾಕಾಗಲಿಲ್ಲ ಅಂತ ಬರೆಯಲು ನಾಚಿಕೆಯಿಲ್ಲ. ನೋಟಿಸು ಶಿಕ್ಷೆಯಲ್ಲ.

ಮುಂದಿನ ವಾರ ನಮ್ಮವರು ಬೆರಳಚ್ಚು ಮಾಡಿದ ಒಂದು ಹಾಳೆ ತಂದರು. 'ಮೇಲಧಿಕಾರಿಯವರ ವಿರುದ್ಧ ನನ್ನದು ಯಾವುದೇ ದೂರು ಉಳಿದಿರುವುದಿಲ್ಲ. ಪ್ರಕರಣ ತಪ್ಪು ತಿಳಿವಳಿಕೆಯಿಂದ ಉಂಟಾದುದು.' ಕೆಳಗೆ ಅವರ ಸಹಿಗೆ ಜಾಗ.

"ದಾಖಲೆ ಕೋಣ್ಯಾಗಿನ ಚಾರ್ಜು ಕೊಡಾಕ ಹತ್ತಿದ್ದೆ, ಸಾಹೇಬ್ರು ಅಲ್ಲಿಗೇ ಬಂದು ಕೊಟ್ರು," ಅಂದರು. "ನಿಂತs ಮಾತಾಡಿದ್ರು. ಇದನ್ನ ಹಚ್ಚಿದ್ರ ನೋಟಿಸು ಬಿದ್ದು ಹೋಗತೈತಂತ. ಇನ್ನೇನು ನಿವೃತ್ತಿ ಹತ್ರ ಬಂದಾರ. ನಮ್ಮದಂತೂ ಆತು. ಸಹಿ ಮಾಡಿಬಿಡ್ಲೇನು?"

ನಾನು ಹಾಳೆ ಓದಿದೆ. ಒಳ್ಳೆಯ ಕಾಗದ, ಅಂಚು ಸಮನಾಗಿ ಬಿಟ್ಟಿದ್ದರು. ಅತ್ತೆಯವರು ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ಈ ಸಲ ಮೊಣಕೈ ಒತ್ತಲಿಲ್ಲ.

"ತಪ್ಪು ತಿಳಕೊಂಡಾವ್ರು ಯಾರ್ರೀ? ನೀವೋ, ನಾನೋ?"

ಹಾಳೆಯನ್ನು ಅದರ ಮಡಿಕೆಗುಂಟವೇ ಮಡಚಿ ಅವರ ಅಂಗಿಯ ಕಿಸೆಯಲ್ಲಿಟ್ಟೆ.

"ನಾಳೆ ಅವರಿಗೇ ತಿರುಗಿ ಕೊಡ್ರಿ. ಶಿಕ್ಷಾ ಆದ್ರ ಅವರೂ ಮೇಲ್ಮನವಿ ಹಾಕಬಹುದು ಅಂತ ಹೇಳ್ರಿ. ಸಾಕ್ಷಿಗೆ ಕರದ್ರ ನಾ ಬರತೇನಿ."